ಮತ್ತೆ ಮತ್ತೆ ನಿಲ್ಲುವ ಹಳೆಯ ಲಾರಿ: ಪಂಪ್ ಬಿಚ್ಚುವ ಮುನ್ನ ಟ್ಯಾಂಕಿನ ಮುಚ್ಚಳ ನೋಡಿ

ಪುಣೆ: ಸಾತಾರಾ, ಕೊಲ್ಲಾಪುರ, ನಿಪ್ಪಾಣಿ ದಾಟಿ ಬೆಳಗಾವಿ ಸೇರುವ ಹೆದ್ದಾರಿ ಪುಣೆಯ ಕನ್ನಡಿಗರ ಪಾಲಿಗೆ ತವರಿನ ದಾರಿ. ಕಾತ್ರಜ್, ಖಂಬಾಟ್ಕಿ ಘಾಟುಗಳ ಏರಿನಲ್ಲಿ ಹಳೆಯ ಲಾರಿಯೊಂದು ಎರಡು ಬಾರಿ ಕೆಮ್ಮಿ ನಿಂತುಬಿಟ್ಟರೆ ಚಾಲಕನ ಎದೆಯೂ ನಿಂತಂತೆಯೇ. ಸ್ವಲ್ಪ ಹೊತ್ತು ಬಿಟ್ಟರೆ ಸ್ಟಾರ್ಟ್ ಆಗುತ್ತದೆ, ನಾಲ್ಕು ಕಿಲೋಮೀಟರ್ ಹೋಗಿ ಮತ್ತೆ ನಿಲ್ಲುತ್ತದೆ. ‘ಎಂಜಿನ್ ಹೋಯಿತು’ ಎಂದುಕೊಂಡ ಮಾಲೀಕರು ಸಾವಿರಾರು ರೂಪಾಯಿ ಸುರಿದು ಪಂಪ್ ಬಿಚ್ಚಿಸುತ್ತಾರೆ. ಆದರೆ ದೋಷ ಅನೇಕ ಸಲ ಪಂಪಿನಲ್ಲಿರುವುದೇ ಇಲ್ಲ.

ಇಂತಹ ಹಳೆಯ ಲಾರಿಗಳಲ್ಲಿ ಹೆಸರಾದದ್ದು ‘ಬೆಂಜ್ ಲಾರಿ’. ಟೆಲ್ಕೊ ಸಂಸ್ಥೆ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ 1954ರಲ್ಲಿ ಒಪ್ಪಂದ ಮಾಡಿಕೊಂಡು ಜಮ್ಶೆಡ್‌ಪುರದಲ್ಲಿ ಲಾರಿ ತಯಾರಿಸತೊಡಗಿತು. 1969ರಲ್ಲಿ ಒಪ್ಪಂದ ಮುಗಿಯಿತು, ಮುಂಭಾಗದ ನಕ್ಷತ್ರ ಹೋಗಿ ಟಾಟಾ ಲಾಂಛನ ಬಂತು. 1977ರಲ್ಲಿ ಪುಣೆಯ ಕಾರ್ಖಾನೆಯಿಂದಲೂ ವಾಣಿಜ್ಯ ವಾಹನ ಹೊರಬಂತು. ಡೀಸೆಲ್ ಎಂಜಿನ್ ವಿಚಾರದಲ್ಲಿ ಪುಣೆಗೂ ಕನ್ನಡ ನೆಲಕ್ಕೂ ಹಳೆಯ ನಂಟಿದೆ. 1946ರಲ್ಲಿ ಖಡ್ಕಿಯಲ್ಲಿ ಆರಂಭವಾದ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್‌ನ ಮೂಲ ಮನೆತನದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಗ್ಯಾರೇಜಿನವರು ಇಂದಿಗೂ ‘ಮೈಕೋ ಪಂಪ್’ ಎನ್ನುವ ಡೀಸೆಲ್ ಪಂಪ್ ತಯಾರಿಸಿದ್ದು 1951ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಸಂಸ್ಥೆ.

ಡೀಸೆಲ್ ಸಾಗುವ ದಾರಿ

ಟ್ಯಾಂಕ್, ಫೀಡ್ ಪಂಪ್, ಫಿಲ್ಟರ್, ಮುಖ್ಯ ಪಂಪ್, ನಾಝಲ್ - ಡೀಸೆಲ್ ಸಾಗುವುದು ಈ ಕ್ರಮದಲ್ಲಿ. ಡೀಸೆಲನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಆದ್ದರಿಂದ ನಡುವೆ ಗಾಳಿ ಸೇರಿದರೆ ಪಂಪ್ ಎಷ್ಟು ಒತ್ತಿದರೂ ನಾಝಲ್ ತೆರೆಯುವಷ್ಟು ಒತ್ತಡ ಬರುವುದಿಲ್ಲ, ಎಂಜಿನ್ ನಿಲ್ಲುತ್ತದೆ. ಇದನ್ನೇ ಮೆಕ್ಯಾನಿಕ್‌ಗಳು ‘ಏರ್ ಹಿಡಿದಿದೆ’ ಎನ್ನುವುದು.

ಲಾರಿ ಯಾವಾಗ ನಿಲ್ಲುತ್ತದೆ ಎಂಬುದೇ ಮೊದಲ ಸುಳಿವು. ಹತ್ತು-ಹದಿನೈದು ನಿಮಿಷ ಚೆನ್ನಾಗಿ ಓಡಿ ನಿಂತು, ತುಸು ಬಿಟ್ಟ ಮೇಲೆ ತಾನಾಗಿ ಸರಿಯಾದರೆ ಟ್ಯಾಂಕಿನ ಮುಚ್ಚಳ ಸಡಿಲಿಸಬೇಕು. ‘ಸುಯ್’ ಎಂದು ಗಾಳಿ ಒಳಗೆ ಹೋದರೆ ಮುಚ್ಚಳದ ಗಾಳಿರಂಧ್ರ ಕಟ್ಟಿದೆ ಎಂದರ್ಥ. ಒಂದು ತಂತಿಯಿಂದ ಚುಚ್ಚಿ ಸ್ವಚ್ಛ ಮಾಡಿದರೆ ಆಯಿತು, ಖರ್ಚಿಲ್ಲ. ಸಮತಟ್ಟಿನಲ್ಲಿ ಓಡಿ ಏರಿನಲ್ಲಿ ಸೋತರೆ ಫಿಲ್ಟರ್ ಕಟ್ಟಿರಬಹುದು, ಇಲ್ಲವೇ ಹಳೆಯ ಟ್ಯಾಂಕಿನ ತುಕ್ಕು ಪೈಪಿನ ಬಾಯಿಗೆ ಅಡ್ಡ ಬಂದಿರಬಹುದು. ಮಳೆಗಾಲದಲ್ಲಿ ಡೀಸೆಲಿಗೆ ನೀರು ಸೇರಿದೆಯೇ ಎಂದೂ ನೋಡಬೇಕು. ಎಂಜಿನ್ ನಿಲ್ಲಿಸಲು ಎಳೆಯುವ ಕೇಬಲ್ ಪೂರ್ತಿ ಹಿಂದಕ್ಕೆ ಹೋಗದಿದ್ದರೂ ಇದೇ ತೊಂದರೆ.

ಕಣ್ಣಿಗೆ ಕಾಣದ ಸೋರಿಕೆ

ರಾತ್ರಿ ನಿಲ್ಲಿಸಿದ ಲಾರಿ ಬೆಳಿಗ್ಗೆ ಸ್ಟಾರ್ಟ್ ಆಗಿ ನಿಮಿಷದಲ್ಲೇ ನಿಂತರೆ ಏರ್ ಹಿಡಿದಿರುವ ಸಂಶಯ ಹೆಚ್ಚು. ಹಲವರು ಎಡವುವುದು ಇಲ್ಲೇ. ಫೀಡ್ ಪಂಪಿನಿಂದ ಮುಂದೆ ಸೋರಿದರೆ ಡೀಸೆಲ್ ಹೊರಗೆ ತೊಟ್ಟಿಕ್ಕುತ್ತದೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಸೀಳಿದ್ದರೆ ಓಡುವಾಗ ಒಂದು ಹನಿಯೂ ಬೀಳದೆ ಗಾಳಿ ಮಾತ್ರ ಒಳಗೆ ಹೋಗುತ್ತಿರುತ್ತದೆ. ಒಂದು ಸವೆದ ತಾಮ್ರದ ವಾಷರ್, ಒಣಗಿದ ರಬ್ಬರ್ ಪೈಪ್ ಸಾಕು.

ಇದನ್ನು ಪತ್ತೆ ಹಚ್ಚಲು ಸುಲಭ ಉಪಾಯವಿದೆ. ಲಾರಿಯನ್ನು ಗ್ಯಾರೇಜಿನಲ್ಲಿ ನಿಲ್ಲಿಸಿ, ಟ್ಯಾಂಕಿನ ಪೈಪ್ ಬಿಡಿಸಿ, ಫೀಡ್ ಪಂಪಿಗಿಂತ ಎತ್ತರದಲ್ಲಿಟ್ಟ ಶುದ್ಧ ಡೀಸೆಲ್ ಕ್ಯಾನಿನಿಂದ ಬೇರೆ ಪೈಪ್ ಕೊಟ್ಟು, ಏರ್ ತೆಗೆದು ಎಂಜಿನ್ ಓಡಿಸಬೇಕು. ನಿಲ್ಲದೆ ಓಡಿದರೆ ದೋಷ ಟ್ಯಾಂಕಿನಲ್ಲಿ ಅಥವಾ ಅದರ ಪೈಪಿನಲ್ಲಿದೆ. ಆಗಲೂ ನಿಂತರೆ ಫಿಲ್ಟರ್, ಫೀಡ್ ಪಂಪ್ ನೋಡಿ, ಕೊನೆಯಲ್ಲಿ ಮುಖ್ಯ ಪಂಪಿಗೆ ಕೈ ಹಾಕಬೇಕು.

ಏರ್ ತೆಗೆಯಲು ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಫೀಡ್ ಪಂಪಿನ ಕೈಪಂಪ್ ಒತ್ತುತ್ತಾ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಕಾದು ಬಿಗಿಯಬೇಕು. ಬಳಿಕ ಮುಖ್ಯ ಪಂಪಿನಲ್ಲೂ ಹಾಗೆಯೇ. ಆದರೆ ಏರ್ ತೆಗೆಯುವುದು ತಾತ್ಕಾಲಿಕ ಪರಿಹಾರ, ಅದು ಬರುವ ದಾರಿ ಮುಚ್ಚದಿದ್ದರೆ ಮರುದಿನ ಅದೇ ಕಥೆ.

ಘಾಟಿನಲ್ಲಿ ನಿಂತರೆ

ಏರಿನಲ್ಲಿ ಎಂಜಿನ್ ನಿಂತರೆ ಗಾಳಿ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ಕೂಡ ನಿಲ್ಲುತ್ತದೆ. ಪೆಡಲನ್ನು ಪದೇ ಪದೇ ತುಳಿದರೆ ಉಳಿದ ಗಾಳಿಯೂ ಖಾಲಿ. ಒಮ್ಮೆ ಗಟ್ಟಿಯಾಗಿ ತುಳಿದು ಹಿಡಿದು, ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ಹಾಕಿ, ಕ್ಲೀನರ್ ಇಳಿದು ಹಿಂಗಾಲಿಗೆ ಕಲ್ಲು ಕೊಟ್ಟ ಮೇಲೆಯೇ ಬಾನೆಟ್ ತೆರೆಯಬೇಕು. ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದ ತೆಗೆಯುವುದನ್ನು ಮರೆಯಬಾರದು. ಕತ್ತಲಲ್ಲಿ ಹಿಂದೆ ಬರುವ ಬೈಕ್ ಸವಾರನಿಗೆ ಅದೇ ಮೃತ್ಯುವಾದೀತು.

ಅಗ್ಗದ ಕಾರಣದಿಂದ ಆರಂಭಿಸಿ ದುಬಾರಿ ಕಾರಣದತ್ತ ಸಾಗುವುದೇ ಹಳೆಯ ಲಾರಿಯ ದುರಸ್ತಿಯ ಕ್ರಮ. ಒಂದು ವಾಷರ್, ಒಂದು ಫಿಲ್ಟರ್, ಒಂದು ತುಂಡು ಪೈಪ್ ಸೀಟಿನ ಕೆಳಗಿದ್ದರೆ ಊರಿಗೆ ಹೊರಟ ಲಾರಿ ಊರು ಮುಟ್ಟುವ ಭರವಸೆ ಹೆಚ್ಚು.