ಶಾವಿಗೆಯ ಸೀಮೆಗೆ ನೂಡಲ್ಸ್ ಬಂದ ದಾರಿ

ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜದಲ್ಲಿ ಚೈನೀಜ್ ಗಾಡಿಯ ಮುಂದೆ ನಿಂತು ಒಂದು ಪ್ಲೇಟ್ ನೂಡಲ್ಸ್ ತಿನ್ನಬೇಕಾದರೆ ಮೂರು ಭಾಷೆ ಬೇಕು. ಕೆಂಪು ಡ್ರ್ಯಾಗನ್ ಬರೆದ ಹಲಗೆಯ ಮೇಲೆ ದರಪಟ್ಟಿ ಇರುವುದು ಮರಾಠಿಯಲ್ಲಿ. ‘ಹಾಫ್ ಸಾಕೇನ, ಫುಲ್ ಹೇಳೂಣ?’ ಎಂದು ಬಂದವರು ತಮ್ಮೊಳಗೆ ಮಾತಾಡಿಕೊಳ್ಳುವುದು ಕನ್ನಡದಲ್ಲಿ. ಕಡಾಯಿ ಹಿಡಿದ ಹುಡುಗ ನೇಪಾಳದ ಕಡೆಯವನಾಗಿದ್ದರೆ ಖಾರ ಎಷ್ಟು ಎಂಬುದನ್ನು ಅವನಿಗೆ ಹಿಂದಿಯಲ್ಲಿ ಹೇಳಬೇಕು. ಹಲಗೆಯ ಮೇಲೆ ಚೀನಾದ ಹೆಸರಿದ್ದರೂ ಅಲ್ಲಿ ಯಾರ ಬಾಯಲ್ಲೂ ಚೀನೀ ಭಾಷೆ ಇರುವುದಿಲ್ಲ.

ಮೊದಲ ಸಲ ಈ ಗಾಡಿಯ ನೂಡಲ್ಸನ್ನು ಕಟ್ಟಿಸಿಕೊಂಡು ಮನೆಗೆ ಒಯ್ದಾಗ ನಮ್ಮ ಅಜ್ಜಿ ಪೊಟ್ಟಣ ಬಿಡಿಸಿ ನೋಡಿ ಹೇಳಿದ್ದು ಇಷ್ಟು: ‘ಇದು ನಮ್ಮ ಶಾವಿಗಿನ ಅಲ್ಲೇನ ಯವ್ವಾ? ಹಾಲು ಬೆಲ್ಲಾ ಬಿಟ್ಟು ಉಪ್ಪು ಖಾರಾ ಹಾಕ್ಯಾರ, ಅಷ್ಟ.’ ಆಗ ನಕ್ಕಿದ್ದೆವು. ಈಗ ಈ ತಿನಿಸಿನ ದಾರಿ ಹಿಡಿದು ಹಿಂದಕ್ಕೆ ಹೋದಷ್ಟೂ ಅಜ್ಜಿ ಸರಿಯಾದ ತುದಿಯಿಂದಲೇ ಎಳೆ ಹಿಡಿದಿದ್ದಳು ಅನ್ನಿಸುತ್ತದೆ.

ಈ ಸೀಮೆಗೆ ಹಿಟ್ಟಿನ ಎಳೆ ಹೊಸದಲ್ಲ. ಬೇಸಿಗೆ ಬಂತೆಂದರೆ ನಮ್ಮ ಓಣಿಯ ಹೆಂಗಸರು ಗೋಧಿಯ ಸಣ್ಣ ರವೆಯನ್ನು ಗಟ್ಟಿಯಾಗಿ ನಾದಿ, ಕುಟ್ಟಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದರು. ಆಮೇಲೆ ಇಳಿಜಾರಾಗಿ ಇಟ್ಟ ಶಾವಿಗೆ ಮಣೆಯ ಮೇಲೆ ಕುಳಿತು ಒಂದು ಕೈಯಿಂದ ಹಿಟ್ಟು ಬಿಡುತ್ತ, ಇನ್ನೊಂದು ಅಂಗೈಯಿಂದ ಹೊಸೆಯುತ್ತ ಹೋದರೆ ಕೂದಲಿನಂಥ ಎಳೆ ಮೊಳಗಟ್ಟಲೆ ಇಳಿಯುತ್ತಿತ್ತು. ಇಂದು ನಮ್ಮ ಮನೆ, ನಾಳೆ ನಿಮ್ಮ ಮನೆ ಎಂದು ಮುಯ್ಯಿ ಲೆಕ್ಕದಲ್ಲಿ ನಡೆಯುತ್ತಿದ್ದ ಕೆಲಸ ಅದು. ಹೊರಸಿನ ಮೇಲೆ, ಕೋಲುಗಳ ಮೇಲೆ ಒಣಗುತ್ತಿದ್ದ ಶಾವಿಗೆಯನ್ನು ಕಾಗೆಯಿಂದ ಕಾಯುವುದು ನಮ್ಮಂಥ ಹುಡುಗಿಯರ ಪಾಲಿಗೆ. ಮುಂದೆ ಹಿಡಿ ತಿರುಗಿಸುವ ಕಬ್ಬಿಣದ ಯಂತ್ರ ಬಂತು, ಮಣೆ ಅಟ್ಟ ಸೇರಿತು. ಎರಡನೆಯ ಚಾವುಂಡರಾಯ ಸುಮಾರು 1025ರಲ್ಲಿ ಕನ್ನಡದಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ಶಾವಿಗೆ ಮಾಡುವ ಬಗೆಯೂ ಅದನ್ನು ಒತ್ತುವ ಅಚ್ಚೂ ಬರುತ್ತವೆ. ಒಂದು ಸಾವಿರ ವರ್ಷದ ಬಳಕೆ! ಚೀನಾದವರ ಲೆಕ್ಕ ಇನ್ನೂ ದೊಡ್ಡದು, ನಿಜ. ಅಲ್ಲಿನ ಲಾಜಿಯಾ ಎಂಬಲ್ಲಿ ಮಗುಚಿ ಬಿದ್ದ ಮಣ್ಣಿನ ಬಟ್ಟಲಿನ ಕೆಳಗೆ ಸುಮಾರು 4,000 ವರ್ಷದ ಹಿಂದಿನ ನೂಡಲ್ಸ್ ಸಿಕ್ಕಿತೆಂದು 2005ರಲ್ಲಿ ಪ್ರಕಟವಾಯಿತು. ಅದು ಗೋಧಿಯದಲ್ಲ, ನವಣೆಯಂಥ ಸಣ್ಣ ಧಾನ್ಯದ್ದು ಎಂದಿದ್ದರು ಆ ವಿಜ್ಞಾನಿಗಳು. ನವಣೆ ತಿಂದು ಬೆಳೆದ ನಮ್ಮ ಕಡೆಯವರಿಗೆ ಈ ಮಾತು ಕೇಳಿದರೆ ದೂರದ ನಂಟರ ಸುದ್ದಿ ಕೇಳಿದಂತಾಗುತ್ತದೆ.

ಆದರೆ ಗಾಡಿಯ ನೂಡಲ್ಸ್ ಲಾಜಿಯಾದಿಂದ ನೇರವಾಗಿ ಇಲ್ಲಿಗೆ ಬಂದದ್ದಲ್ಲ. ಅದು ಬಂದದ್ದು ಕೋಲ್ಕತ್ತದಿಂದ, ಅದರ ಕತೆಯ ಮೊದಲಲ್ಲೇ ಕಬ್ಬಿದೆ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಟಾಂಗ್ ಅಚ್ಯೂ ಎಂಬ ಚೀನೀ ವ್ಯಾಪಾರಿಗೆ ವಾರನ್ ಹೇಸ್ಟಿಂಗ್ಸ್ ಬಜ್‌ಬಜ್ ಹತ್ತಿರ ಭೂಮಿ ಕೊಟ್ಟ. ಅವನು ಅಲ್ಲಿ ಕಬ್ಬು ಹಚ್ಚಿ ಸಕ್ಕರೆ ಮಾಡಲು ತನ್ನ ನಾಡಿನ ಆಳುಗಳನ್ನು ಕರೆತಂದ. ಆ ಊರಿಗೆ ಇವತ್ತಿಗೂ ಅಚೀಪುರ ಎಂದೇ ಹೆಸರು. ಉತ್ತರದವರು ಸಕ್ಕರೆಗೆ ‘ಚೀನಿ’ ಎನ್ನುವುದರ ನೆನಪೂ ಇಲ್ಲಿ ಬಾರದೆ ಇರದು. ಕಬ್ಬು, ಗಾಣ, ಆಲೆಮನೆಗಳ ನಡುವೆ ಬದುಕುವ ಕೊಲ್ಹಾಪುರದವರಿಗೆ ಈ ತಿನಿಸಿನ ಮೂಲಪುರುಷ ಒಬ್ಬ ಕಬ್ಬಿನ ಗದ್ದೆಯವನು ಎಂಬುದು ತಿಳಿದಿರಬೇಕು ಎಂದು ನನ್ನ ಆಸೆ.

ಆಮೇಲೆ ಚೀನಾದಿಂದ ಬಂದ ಹಕ್ಕಾ ಜನ ಕೋಲ್ಕತ್ತದ ಟ್ಯಾಂಗ್ರಾದಲ್ಲಿ ಚರ್ಮ ಹದ ಮಾಡುವ ಕಸುಬು ಹಿಡಿದರು. ಬೇರೆಯವರು ಮುಟ್ಟಲು ಹಿಂಜರಿದ ಕೆಲಸವದು. ಕೊಲ್ಹಾಪುರಿ ಚಪ್ಪಲಿಗೆ ಚರ್ಮ ಹದ ಮಾಡುವ ಅಥಣಿ, ನಿಪ್ಪಾಣಿ ಕಡೆಯ ಮನೆಗಳನ್ನು ಬಲ್ಲವರಿಗೆ ಆ ಬಾಳು ಎಂಥದಿರಬಹುದು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಚೀನಾದೊಡನೆ 1962ರ ಯುದ್ಧವಾದಾಗ ಈ ಜನರನ್ನು ಶತ್ರುಗಳಂತೆ ಕಂಡು, ಸುಮಾರು 3,000 ಮಂದಿಯನ್ನು ರಾಜಸ್ಥಾನದ ದೇವಳಿ ಶಿಬಿರದಲ್ಲಿ ಕೂಡಿಹಾಕಲಾಯಿತು. ಇಲ್ಲೇ ಹುಟ್ಟಿದ ಮಕ್ಕಳೂ ಅದರಲ್ಲಿದ್ದರು. ಬಿಡುಗಡೆಯಾದ ಮೇಲೆ ಎಷ್ಟೋ ಕುಟುಂಬಗಳು ದೇಶ ಬಿಟ್ಟವು, ಉಳಿದವು ಬೇರೆ ಬೇರೆ ಊರು ಸೇರಿ ಬದುಕು ಹುಡುಕಿದವು. 1996ರಲ್ಲಿ ಸುಪ್ರೀಂ ಕೋರ್ಟ್ ಚರ್ಮದ ಕಾರ್ಖಾನೆಗಳನ್ನು ನಗರದ ಹೊರಗೆ ಒಯ್ಯಲು ಹೇಳಿದ ಬಳಿಕ ಟ್ಯಾಂಗ್ರಾದಲ್ಲಿ ಒಲೆಗಳ ಕಾಲ ಬಂತು. ‘ಹಕ್ಕಾ ನೂಡಲ್ಸ್’ ಎಂದು ನಾವು ಸಲೀಸಾಗಿ ಕೂಗಿ ಹೇಳುವ ಹೆಸರಿನೊಳಗೆ ಒಂದು ಜನಾಂಗದ ಇಷ್ಟೆಲ್ಲ ಪಾಡು ಅಡಗಿದೆ.

ಕೋಲ್ಕತ್ತದಿಂದ ಮುಂಬಯಿಗೆ ಬಂದವರಲ್ಲಿ ನೆಲ್ಸನ್ ವಾಂಗ್ ಒಬ್ಬರು. 1975ರ ಸುಮಾರಿಗೆ ಅವರು ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದ ಅಡುಗೆಮನೆಯಲ್ಲಿದ್ದಾಗ ಹೊಸದೇನಾದರೂ ಮಾಡಿಕೊಡು ಎಂದು ಕೇಳಿದ ಗಿರಾಕಿಗಾಗಿ ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿ ಹುರಿದು, ಗರಂ ಮಸಾಲೆಯ ಬದಲು ಸೋಯಾ ಸಾಸ್ ಬಿಟ್ಟು, ಮೆಕ್ಕೆಜೋಳದ ಹಿಟ್ಟಿನಿಂದ ಗಟ್ಟಿ ಮಾಡಿ ಕೋಳಿಯ ತುಂಡುಗಳಿಗೆ ಸುತ್ತಿದರಂತೆ. ಹಾಗೆ ಹುಟ್ಟಿದ್ದು ಚಿಕನ್ ಮಂಚೂರಿಯನ್. ಮಂಚೂರಿಯಾದಲ್ಲಿ ಅಂಥ ಪದಾರ್ಥವೇ ಇಲ್ಲ. ಅದರಲ್ಲಿ ಕೋಳಿ ತೆಗೆದು ಹೂಕೋಸು ಹಾಕಿದರೆ ಕರ್ನಾಟಕದ ಓಣಿ ಓಣಿಯ ಗೋಬಿ ಮಂಚೂರಿ. ನಮ್ಮ ಒಗ್ಗರಣೆಯ ಮೂರು ಸಾಮಾನು ಮುಂದೆ, ಚೀನಾದ ಒಂದು ಬಾಟಲಿ ಹಿಂದೆ. ಈ ಅಡುಗೆ ನಮ್ಮ ನಾಲಿಗೆಗೆ ಒಗ್ಗಿದ್ದಕ್ಕೆ ಬೇರೆ ಗುಟ್ಟು ಬೇಕಿಲ್ಲ. ಅಷ್ಟರಲ್ಲಿ 1983ರ ಹೊತ್ತಿಗೆ ಮ್ಯಾಗಿ ಬಂದು, ಮುಂದಿನ ವರ್ಷಗಳಲ್ಲಿ ಎಳೆ ಎಳೆಯ ತಿನಿಸನ್ನು ಮಕ್ಕಳ ಕೈಗೆ ಕೊಟ್ಟಿತ್ತು. 1990ರ ದಶಕದಲ್ಲಿ ಸಾಸ್ ಬಾಟಲಿಗಳೂ ಒಣ ನೂಡಲ್ಸ್ ಪಾಕೀಟುಗಳೂ ಕಿರಾಣಿ ಅಂಗಡಿಗೆ ಇಳಿದವು. ಹಾಗಾದ ಮೇಲೆ ಗಾಡಿ ಹಾಕುವುದಕ್ಕೆ ದೊಡ್ಡ ಹೋಟೆಲಿನ ಪಳಗಿದ ಕೈ ಬೇಕಾಗಲಿಲ್ಲ.

ನಮ್ಮ ಸೀಮೆಯಲ್ಲಿ ಈ ಗಾಡಿಯ ಬೆಲೆ ತಿಳಿಯಬೇಕಾದರೆ ರಾತ್ರಿಯ ಹೊತ್ತು ಇಚಲಕರಂಜಿಗೆ ಹೋಗಬೇಕು. 1904ರಲ್ಲಿ ವಿಠ್ಠಲರಾವ್ ದಾತಾರ ಮೊದಲ ಯಂತ್ರಮಗ್ಗ ಹಾಕಿದ ಊರು ಅದು. ಅಂದಿನಿಂದ ಬೆಳೆದೂ ಬೆಳೆದೂ ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಎನ್ನಿಸಿಕೊಂಡಿತು, 2022ರಲ್ಲಿ ಮಹಾನಗರಪಾಲಿಕೆಯೂ ಆಯಿತು. ಪಾವರ್‌ಲೂಮಿನ ಸದ್ದಿಗೆ ಹಗಲು ರಾತ್ರಿ ಇಲ್ಲ. ಹನ್ನೆರಡು ತಾಸಿನ ಪಾಳಿ ಮುಗಿಸಿ ಹೊರಬಂದ ಕಾರ್ಮಿಕನ ಕಿವಿಯಲ್ಲಿ ಇನ್ನೂ ಖಟಖಟ, ಕೂದಲಲ್ಲಿ ಹತ್ತಿಯ ನವಿರು. ಉತ್ತರ ಪ್ರದೇಶ, ಬಿಹಾರದಿಂದ ಒಂಟಿಯಾಗಿ ಬಂದವನಿಗೆ ಕೋಣೆಯಲ್ಲಿ ಕಾದಿಟ್ಟ ಅನ್ನವಿಲ್ಲ. ಚಿಕ್ಕೋಡಿ, ರಾಯಬಾಗ ಕಡೆಯಿಂದ ಬಂದ ನಮ್ಮವರಿಗೂ ಅದೇ ಕತೆ. ಆ ಹೊತ್ತಿನಲ್ಲಿ ಬಿಸಿಯಾಗಿ, ಬೇಗನೆ, ಹೊಟ್ಟೆ ತುಂಬುವಷ್ಟು ಕೊಡುವುದು ಯಾವುದು?

ಗಾಡಿಯ ಕೆಲಸ ನೋಡಿದರೆ ಅದರ ಜಾಣ್ಮೆ ತಿಳಿಯುತ್ತದೆ. ಮಧ್ಯಾಹ್ನವೇ ನೂಡಲ್ಸನ್ನು ಸ್ವಲ್ಪ ಗಡಸು ಉಳಿಯುವಂತೆ ಕುದಿಸಿ, ತಣ್ಣೀರು ಸುರಿದು, ಎಣ್ಣೆ ಸವರಿ ಹರವಿಟ್ಟಿರುತ್ತಾರೆ. ಕೋಬೀಜ, ಗಜ್ಜರಿ, ಉಳ್ಳಾಗಡ್ಡಿ ತಪ್ಪಲು ಕೊಚ್ಚಿದ ರಾಶಿ ಸಿದ್ಧ. ಗಿರಾಕಿ ಬಂದ ಮೇಲೆ ಉಳಿದಿರುವುದು ಬೆಂಕಿಯ ಕೆಲಸ ಮಾತ್ರ. ಭಟ್ಟಿ ಭೋರ್ಗರೆಯುತ್ತದೆ, ಕಡಾಯಿ ಹೊಗೆಯಾಡುತ್ತದೆ, ತರಕಾರಿ ನೀರು ಬಿಡುವ ಮೊದಲೇ ನೂಡಲ್ಸ್ ಬಿದ್ದು ಎರಡು ಸಲ ಹಾರಿ ಪ್ಲೇಟಿಗೆ ಇಳಿಯುತ್ತದೆ. ಅಷ್ಟು ಉರಿಯಿಲ್ಲದ ಮನೆಯ ಒಲೆಯಲ್ಲಿ ಅದೇ ಸಾಮಾನು ಹಾಕಿದರೂ ಆ ಹೊಗೆಯ ವಾಸನೆ ಬರುವುದಿಲ್ಲ. ನಾನು ಎಷ್ಟೋ ಸಲ ಮಾಡಿ ನೋಡಿದ್ದೇನೆ. ವಾರದ ಪಗಾರ ಆದ ಸಂಜೆ ಅನ್ನ, ನೂಡಲ್ಸ್, ಗ್ರೇವಿ ಮೂರೂ ಕೂಡಿದ ಟ್ರಿಪಲ್ ರೈಸ್ ತರಿಸಿ ನಾಲ್ವರು ಒಂದೇ ಪ್ಲೇಟಿಗೆ ಬಾಗಿದ್ದನ್ನು ನೋಡಿದರೆ, ಇದು ಬರೀ ಬಾಯಿಚಪಲದ ತಿಂಡಿ ಎನ್ನುವವರ ಮಾತು ನನಗೆ ಹಿಡಿಸುವುದಿಲ್ಲ. ಅದು ಊಟ.

ಕೊಲ್ಹಾಪುರ ಪೇಟೆಯಲ್ಲಿ ಅದರ ಚೆಹರೆ ಬೇರೆ. ಅಲ್ಲಿ ಖಾಸಬಾಗ್ ಕುಸ್ತಿ ಮೈದಾನದ ಸುತ್ತ, ರಂಕಾಳ ಕೆರೆಯ ದಂಡೆಯಲ್ಲಿ ಸಂಜೆ ತಿನ್ನುವ ಹಳೆಯ ರೂಢಿಯಿದೆ. ಊರಿಗೆ ಭೇಲ್ ಎಂದರೆ ಪ್ರಾಣ. ಹೀಗಾಗಿ ಕರಿದ ನೂಡಲ್ಸಿಗೆ ಕೋಬೀಜ, ಉಳ್ಳಾಗಡ್ಡಿ, ಕೆಂಪು ಚಟ್ನಿ ಕಲಸಿದ ಚೈನೀಜ್ ಭೇಲ್ ಮುಂಬಯಿಯಿಂದ ಬಂದಾಗ ಚುರುಮುರಿಯ ಜಾಗದಲ್ಲಿ ನೂಡಲ್ಸ್ ಕೂತಿತು, ಅಷ್ಟೆ. ಗಡಹಿಂಗ್ಲಜದಲ್ಲಾದರೆ ಫುಟ್‌ಬಾಲ್. ದೀಪಾವಳಿಯ ಹೊತ್ತಿಗೆ ಎಂ. ಆರ್. ಹೈಸ್ಕೂಲ್ ಮೈದಾನದಲ್ಲಿ ಪಂದ್ಯ ನೋಡಿ, ಗೆದ್ದವರೂ ಸೋತವರೂ ಗಂಟಲು ಕೀರಿ ಹೊರಬಂದ ಮೇಲೆ ಗಾಡಿಯ ಮುಂದೆ ಜಾಗ ಸಿಗುವುದು ಕಷ್ಟ.

ಮೋಮೋ ಬಂದದ್ದು ತೀರ ಈಚೆಗೆ, ನನ್ನ ಕಣ್ಣೆದುರಿಗೆ. ಟಿಬೆಟಿನ ಈ ತಿನಿಸು ದೇಶದಲ್ಲಿ ಹಬ್ಬಿದ್ದರ ಹಿಂದೆ 1959ರಲ್ಲಿ ಮನೆ ಕಳೆದುಕೊಂಡು ಬಂದ ನಿರಾಶ್ರಿತರ ಬದುಕೂ ಇದೆ, ಡಾರ್ಜಿಲಿಂಗ್ ಮತ್ತು ನೇಪಾಳದ ಹುಡುಗರ ವಲಸೆಯೂ ಇದೆ. ಅಂದಿನ ಮೈಸೂರು ರಾಜ್ಯ ಟಿಬೆಟಿಯನ್ನರಿಗೆ ಬೈಲಕುಪ್ಪೆಯಲ್ಲಿ ಭೂಮಿ ಕೊಟ್ಟಿತು, 1966ರಲ್ಲಿ ಮುಂಡಗೋಡದಲ್ಲಿಯೂ. ಹುಬ್ಬಳ್ಳಿ ದಾಟಿ ಮುಂಡಗೋಡ ಕ್ಯಾಂಪಿಗೆ ಹೋದವರಿಗೆ ಮೋಮೋ ಎಂಬುದು ಗಾಡಿಗೆ ಬರುವ ಎಷ್ಟೋ ಮೊದಲೇ ಗೊತ್ತಿತ್ತು. ಈಗ ಕೊಲ್ಹಾಪುರದ ರಾಜಾರಾಮಪುರಿಯಲ್ಲಿ ಕಾಲೇಜು ಮಕ್ಕಳು ಅಲ್ಯುಮಿನಿಯಂ ಪಾತ್ರೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಗಾಡಿಯ ಮುಂದೆ ಉಗಿಯಲ್ಲಿ ಮುಖವಿಟ್ಟು ನಿಂತಿರುತ್ತಾರೆ.

ನನಗೆ ಮೋಮೋ ಮಾಡುವ ಕೈ ನೋಡುವುದೇ ಒಂದು ಸುಖ. ಮೈದಾ ಹಿಟ್ಟನ್ನು ಅಂಚು ತೆಳ್ಳಗೆ, ನಡು ತುಸು ದಪ್ಪ ಲಟ್ಟಿಸುತ್ತಾರೆ. ಕೋಬೀಜಕ್ಕೆ ಉಪ್ಪು ಹಾಕಿ ನೀರು ಹಿಂಡಿರುತ್ತಾರೆ, ಇಲ್ಲದಿದ್ದರೆ ಉಗಿಯಲ್ಲಿ ಒಡೆಯುತ್ತದೆ. ಎಡಗೈಯಲ್ಲಿ ಹಾಳೆ ತಿರುಗುತ್ತಿದ್ದಂತೆ ಬಲಗೈಯ ಎರಡು ಬೆರಳು ಮಡಿಕೆಯ ಮೇಲೆ ಮಡಿಕೆ ಹಾಕುತ್ತ ಬಾಯಿ ಕಟ್ಟುತ್ತವೆ. ನಾಗರಪಂಚಮಿಗೆ ಹೂರಣ ತುಂಬಿ ಕಡಬಿನ ಅಂಚು ಮುರಿಗೆ ಹಾಕುವ ನಮ್ಮವ್ವನ ಬೆರಳಿಗೂ ಅದೇ ನಡೆ, ಅದೇ ಎಚ್ಚರ. ಆ ದಿನ ಕತ್ತರಿಸಬಾರದು, ಕರಿಯಬಾರದು ಎಂದು ನಾವು ಹಿಡಿದದ್ದು ಉಗಿ. ಟಿಬೆಟಿನ ಎತ್ತರದಲ್ಲಿ ಆ ಮಂದಿ ಅದೇ ಉಗಿಯನ್ನು ಹಿಡಿದರು.

ಇನ್ನು ಕೆಂಪಿನ ವಿಷಯ. ಇದನ್ನು ಹೇಳದೆ ಬಿಟ್ಟರೆ ಆತ್ಮಸಾಕ್ಷಿಗೆ ಒಗ್ಗದು. ಎಷ್ಟೋ ಗಾಡಿಗಳ ಮಂಚೂರಿಯ ಕೆಂಪು ಮೆಣಸಿನಕಾಯಿಯದಲ್ಲ, ಡಬ್ಬಿಯ ಬಣ್ಣದ್ದು. 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಯ 171 ಮಾದರಿಗಳನ್ನು ಪರೀಕ್ಷೆ ಮಾಡಿಸಿದಾಗ 107ರಲ್ಲಿ ಸುರಕ್ಷಿತವಲ್ಲದ ಕೃತಕ ಬಣ್ಣ ಕಂಡು, ಅದರ ಬಳಕೆಯನ್ನು ನಿಷೇಧಿಸಿತು. ಬೇರೆಲ್ಲಿಯಾದರೂ ಆಗಲಿ, ನಮ್ಮ ಸೀಮೆಯಲ್ಲಿ ಇದು ನಡೆಯಬಾರದಿತ್ತು. ಗಡಹಿಂಗ್ಲಜದ ಮಾರುಕಟ್ಟೆಗೆ ಸುಗ್ಗಿಯಲ್ಲಿ ಸಂಕೇಶ್ವರಿ ಮೆಣಸಿನಕಾಯಿ ಬಂದು ಬಿದ್ದರೆ ಓಣಿಯಲ್ಲಿ ಹಾಯ್ದವರೆಲ್ಲ ಸೀನುತ್ತಾರೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಕಾಯಿಯ ಬಣ್ಣವನ್ನೇ ತೆಗೆದು ಹೊರದೇಶಕ್ಕೆ ಕಳಿಸುತ್ತಾರೆ. ಕೊಲ್ಹಾಪುರದ ತಾಂಬಡಾ ರಸ್ಸಾಕ್ಕೆ ಯಾರೂ ಡಬ್ಬಿಯ ಕೆಂಪು ಸುರಿಯಲಿಲ್ಲ. ಕೆಂಪಿಗೆ ಬಡತನವಿಲ್ಲದ ನಾಡಿನಲ್ಲಿ ಮಕ್ಕಳ ತುಟಿಗೆ ಅದ್ಯಾಕೆ ಆ ವಿಷ?

ಬಣ್ಣದಷ್ಟೇ ಕುತೂಹಲದ್ದು ‘ಶೇಜ್ವಾನ್’ ಎಂಬ ಹೆಸರು. ಚೀನಾದ ಸಿಚುವಾನ್ ಪ್ರಾಂತದ ಹೆಸರು 1970ರ ದಶಕದಿಂದ ಮುಂಬಯಿಯಲ್ಲಿ ಓಡಾಡಿ, ನಮ್ಮ ಗಾಡಿಗೆ ಬರುವ ಹೊತ್ತಿಗೆ ಹೀಗಾಗಿದೆ. ಆ ಪ್ರಾಂತದ ಅಡುಗೆಯ ಜೀವಾಳ ನಾಲಿಗೆ ಜುಮ್ಮೆನ್ನಿಸುವ ಒಂದು ಕಾಯಿ. ನಮ್ಮ ಶೇಜ್ವಾನ್ ಚಟ್ನಿಯಲ್ಲಿ ಅದು ಇಲ್ಲ. ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಎಣ್ಣೆ, ವಿನೆಗರ್ ಇಷ್ಟೇ. ಒಂದರ್ಥದಲ್ಲಿ ಕಾಂದಾ-ಲಸೂಣ್ ಚಟ್ನಿಯ ತಂಗಿ. ಮೆಣಸಿನಕಾಯಿಯೂ ಸಿಚುವಾನಿಗೆ, ಕೊಲ್ಹಾಪುರಕ್ಕೆ ಎರಡಕ್ಕೂ ಅಮೆರಿಕದಿಂದ ಹಡಗು ಹತ್ತಿ ಬಂದದ್ದೇ. ಆದರೆ ಆ ಜುಮ್ಮೆನ್ನುವ ಕಾಯಿಯ ಒಡಹುಟ್ಟು ನಮ್ಮ ಸಹ್ಯಾದ್ರಿಯಲ್ಲಿಯೇ ಇದೆ. ಮಲೆನಾಡಿನವರು ಜುಮ್ಮನಕಾಯಿ ಎನ್ನುತ್ತಾರೆ, ಕೊಂಕಣದವರು ತಿರಫಳ ಎಂದು ಬಂಗಡೆ ಸಾರಿಗೆ ಹಾಕುತ್ತಾರೆ. ಗಡಹಿಂಗ್ಲಜದಿಂದ ಆಜರಾ ಹಾಯ್ದು ಅಂಬೋಲಿ ಘಾಟ್ ಇಳಿದರೆ ಸಿಕ್ಕುತ್ತದೆ.

ನಾನು ಈಗ ಹೋಗುವ ಗಾಡಿಯ ಹುಡುಗ ಸಂಜೆಯೇ ಬ್ಯಾಡಗಿ ಕಾಯಿಗಳನ್ನು ಬಿಸಿನೀರಿನಲ್ಲಿ ನೆನೆಹಾಕಿ ರುಬ್ಬಿಕೊಳ್ಳುತ್ತಾನೆ. ಬಣ್ಣ ಹಾಕಿದ್ದೀಯಾ ಎಂದು ಕೇಳಿದ್ದಕ್ಕೆ ಬೋಗುಣಿಯ ಮುಚ್ಚಳ ತೆಗೆದು ತೋರಿಸಿ, ‘ದೀದೀ, ರಂಗ್ ನಹೀಂ, ಮಿರ್ಚಿ ಹೈ’ ಎಂದ. ತಿರಫಳದ ಮಾತು ತೆಗೆದೆ. ಅವನಿಗೆ ಕೂಡಲೇ ಗುರುತು ಹತ್ತಿತು. ಅವನ ಊರಿನ ಗುಡ್ಡದಲ್ಲೂ ಅಂಥದೇ ಕಾಯಿ ಇದೆಯಂತೆ, ತಿಮ್ಮೂರ್ ಎನ್ನುತ್ತಾರಂತೆ, ಅವನ ತಾಯಿ ಮೋಮೋದ ಚಟ್ನಿಗೆ ಹಾಕುತ್ತಾಳಂತೆ. ಮುಂದಿನ ಸಲ ತಂದುಕೊಡಿ, ಬೀಜ ತೆಗೆದು ಹುರಿದು ಹಾಕುತ್ತೇನೆ ಎಂದಿದ್ದಾನೆ. ಸಾವಂತವಾಡಿಯಿಂದ ತಂದ ಒಂದು ಪುಡಿಕೆ ತಿರಫಳ ನನ್ನ ಚೀಲದಲ್ಲಿದೆ.