ಬೀಗ ಹಾಕಿದ ಮನೆಗೆ ವಿದ್ಯುತ್ತಿನ ಕಾವಲು

ಅವಿಭಕ್ತ ಕುಟುಂಬಗಳ ಕಾಲದಲ್ಲಿ ಮನೆಗೆ ಬೀಗ ಬೀಳುತ್ತಿದ್ದುದೇ ವಿರಳ. ಜಾತ್ರೆಯಿರಲಿ, ಮದುವೆಯಿರಲಿ, ಪಡಸಾಲೆಯಲ್ಲಿ ಅಜ್ಜನೋ ಅಜ್ಜಿಯೋ ಉಳಿದೇ ಇರುತ್ತಿದ್ದರು. ಇಂದು ದಂಪತಿಗಳಿಬ್ಬರೂ ಉದ್ಯೋಗಕ್ಕೆ ತೆರಳುತ್ತಾರೆ. ಮಕ್ಕಳು ವಿದ್ಯಾಭ್ಯಾಸಕ್ಕಾಗಿ ಪರಸ್ಥಳದಲ್ಲಿರುತ್ತಾರೆ. ಹಗಲೆಲ್ಲ ಬೀಗ ಹೊತ್ತು ನಿಂತ ಮನೆಗಳು ಪ್ರತಿಯೊಂದು ಓಣಿಯಲ್ಲಿಯೂ ಕಾಣುತ್ತವೆ. ಬೀಗವು ಕಳ್ಳನನ್ನು ಕೆಲಹೊತ್ತು ತಡೆದೀತು. ಆದರೆ ಅದು ಮುರಿದಾಗ ನೆರೆಯವರನ್ನು ಕೂಗಿ ಕರೆಯಲಾರದು. ಆ ಕೂಗುವ ಕಾರ್ಯಕ್ಕೆ ನಿಯೋಜಿತವಾದುದೇ ಕಳ್ಳತನದ ಎಚ್ಚರಿಕೆಯ ಗಂಟೆ, ರೂಢಿಯ ಮಾತಿನಲ್ಲಿ ಅಲಾರಂ.

ಇದನ್ನು ಸಿದ್ಧವಾಗಿ ಕೊಂಡು ತರಬಹುದು. ವಿದ್ಯುತ್ತಿನ ಪ್ರಾಥಮಿಕ ಜ್ಞಾನವುಳ್ಳ ತರುಣ ತರುಣಿಯರು ಪೆಟ್ಟಿಗೆಯನ್ನೂ ಸೆನ್ಸರುಗಳನ್ನೂ ಬೇರೆ ಬೇರೆಯಾಗಿ ತಂದು ಮನೆಯಲ್ಲಿಯೇ ಜೋಡಿಸಲೂಬಹುದು. ಹಾಗೆ ಜೋಡಿಸುವ ಮೊದಲು ಒಂದು ತತ್ತ್ವವನ್ನು ಮನಗಾಣಬೇಕು. ಕಾವಲುಗಾರನು ಸುಮ್ಮನಿದ್ದಾನೆಂದರೆ ಎರಡು ಅರ್ಥಗಳುಂಟು: ಎಲ್ಲವೂ ಕ್ಷೇಮವಾಗಿರಬಹುದು, ಇಲ್ಲವೆ ಅವನೇ ನಿದ್ರಿಸಿರಬಹುದು. ಹೊರಗಿನವರಿಗೆ ಈ ಎರಡು ಮೌನಗಳೂ ಒಂದೇ ತೆರನಾಗಿ ತೋರುತ್ತವೆ. ಅವುಗಳ ಭೇದವನ್ನು ತಿಳಿಸಿಕೊಡುವ ಜೋಡಣೆಯೇ ಉತ್ತಮ ಜೋಡಣೆ.

ತೆರೆದ ಮಂಡಲ, ಮುಚ್ಚಿದ ಮಂಡಲ

ಅಮೆರಿಕದ ಬೋಸ್ಟನ್ ಪ್ರಾಂತದ ಆಗಸ್ಟಸ್ ಪೋಪ್ ಎಂಬಾತನು ೧೮೫೩ರಲ್ಲಿ ವಿದ್ಯುತ್ಕಾಂತದ ಕಳ್ಳಗಂಟೆಗೆ ಪೇಟೆಂಟ್ ಪಡೆದನು. ಬಾಗಿಲು ತೆರೆದಾಗ ತಂತಿಗಳು ಕೂಡಿ, ವಿದ್ಯುತ್ತು ಹರಿದು, ಗಂಟೆ ಬಾರಿಸುವುದು ಅದರ ಕ್ರಮ. ನಮ್ಮ ಮನೆಯ ಕರೆಗಂಟೆಯೂ ಹೀಗೆಯೇ ಕೆಲಸ ಮಾಡುತ್ತದೆ. ಇಂತಹ ತೆರೆದ ಮಂಡಲದ ದೋಷವು ಸ್ಪಷ್ಟ: ಕಳ್ಳನು ತಂತಿಯನ್ನು ಕತ್ತರಿಸಿದರೆ, ಇಲಿಯು ಕಡಿದುಹಾಕಿದರೆ, ಗಂಟೆಯು ಶಾಶ್ವತವಾಗಿ ಮೂಕವಾಗುತ್ತದೆ. ಮನೆಯವರಿಗೆ ಅದರ ಅರಿವೂ ಆಗುವುದಿಲ್ಲ.

ಮುಚ್ಚಿದ ಮಂಡಲದ ರೀತಿ ಇದಕ್ಕೆ ವಿರುದ್ಧವಾದುದು. ಮನೆಯು ಕ್ಷೇಮವಾಗಿರುವಷ್ಟು ಕಾಲವೂ ಅಲ್ಪ ವಿದ್ಯುತ್ತು ತಂತಿಯಲ್ಲಿ ಹರಿಯುತ್ತಲೇ ಇರುತ್ತದೆ. ಬಾಗಿಲು ತೆರೆದರೂ, ತಂತಿ ತುಂಡಾದರೂ, ಜೋಡಣೆ ಸಡಿಲವಾದರೂ ಹರಿವು ನಿಲ್ಲುತ್ತದೆ. ನಿಂತೊಡನೆ ಗಂಟೆ ಕೂಗುತ್ತದೆ. ಆದುದರಿಂದ ಬಾಗಿಲುಗಳ ಸ್ವಿಚ್ಚುಗಳನ್ನು ಒಂದರ ಹಿಂದೆ ಒಂದರಂತೆ ಸರಪಳಿಯಾಗಿ ಜೋಡಿಸಬೇಕು. ಯಾವ ಕೊಂಡಿ ಕಳಚಿದರೂ ಸರಪಳಿ ಕಡಿದಂತೆಯೇ.

ಬಾಗಿಲಿಗೆ ಅಯಸ್ಕಾಂತ

ಬಾಗಿಲು ಕಿಟಕಿಗಳಿಗೆ ರೀಡ್ ಸ್ವಿಚ್ಚೇ ಅಗ್ಗವಾದ, ನಂಬಿಗಸ್ತ ಸಾಧನ. ೧೯೩೬ರಲ್ಲಿ ಬೆಲ್ ಪ್ರಯೋಗಾಲಯದ ವಾಲ್ಟರ್ ಎಲ್ವುಡ್ ಇದನ್ನು ಕಂಡುಹಿಡಿದರು. ಪುಟ್ಟ ಗಾಜಿನ ನಳಿಕೆಯೊಳಗೆ ಎರಡು ತೆಳುವಾದ ಲೋಹದ ಎಸಳುಗಳಿರುತ್ತವೆ. ಅಯಸ್ಕಾಂತವು ಸಮೀಪಿಸಿದಾಗ ಅವು ಕೂಡುತ್ತವೆ, ದೂರ ಸರಿದಾಗ ಅಗಲುತ್ತವೆ. ಸ್ವಿಚ್ಚನ್ನು ಚೌಕಟ್ಟಿಗೂ ಅಯಸ್ಕಾಂತವನ್ನು ಕದಕ್ಕೂ, ತಿರುಗಣಿಯಿರದ ಬದಿಯಲ್ಲಿ, ಮೇಲ್ಭಾಗದಲ್ಲಿ ಎದುರುಬದುರಾಗಿ ಕೂಡಿಸಬೇಕು. ಇವೆರಡರ ನಡುವಿನ ಅಂತರ ೧೦ ಮಿಲಿಮೀಟರಿನೊಳಗೆ ಇರುವುದು ಲೇಸು. ಮಳೆಗಾಲದಲ್ಲಿ ಮರದ ಕದವು ಉಬ್ಬುವುದನ್ನೂ ಬೇಸಿಗೆಯಲ್ಲಿ ಕುಗ್ಗುವುದನ್ನೂ ಗಣನೆಗೆ ತೆಗೆದುಕೊಳ್ಳಬೇಕು. ಕಬ್ಬಿಣದ ಗೇಟು ಅಯಸ್ಕಾಂತದ ಪ್ರಭಾವವನ್ನು ಕುಗ್ಗಿಸುವುದರಿಂದ, ಅಲ್ಲಿಗೆ ಲೋಹದ ಬಾಗಿಲಿಗೆಂದೇ ತಯಾರಾದ ದೊಡ್ಡ ಸ್ವಿಚ್ಚನ್ನೇ ಆರಿಸಬೇಕು.

ಕೊಳ್ಳುವಾಗ ಒಂದು ಗೊಂದಲವುಂಟು. ಅಯಸ್ಕಾಂತ ದೂರವಿದ್ದಾಗ ತೆರೆದಿರುವ ಸ್ವಿಚ್ಚನ್ನು ಬಿಡಿಭಾಗಗಳ ಅಂಗಡಿಯವರು ‘ನಾರ್ಮಲಿ ಓಪನ್’ ಎನ್ನುತ್ತಾರೆ. ಅದನ್ನೇ ಅಲಾರಂ ವ್ಯಾಪಾರಿಗಳು, ಬಾಗಿಲು ಮುಚ್ಚಿರುವುದೇ ಸಹಜಸ್ಥಿತಿಯೆಂದೆಣಿಸಿ, ‘ನಾರ್ಮಲಿ ಕ್ಲೋಸ್ಡ್’ ಎಂದು ಕರೆಯುವುದುಂಟು. ಹೆಸರನ್ನು ನೆಚ್ಚದೆ ಮಲ್ಟಿಮೀಟರನ್ನು ಕೇಳಿರಿ: ಅಯಸ್ಕಾಂತ ಹತ್ತಿರವಿರುವಾಗ ಮೀಟರು ಸದ್ದು ಮಾಡಬೇಕು, ದೂರ ಸರಿದಾಗ ನಿಲ್ಲಬೇಕು.

ಒಳಗಿನ ಹಾದಿಗೆ ಚಲನೆಯ ಸೆನ್ಸರು

ಹೆಂಚು ಸರಿಸಿ ಇಳಿದವನಿಗೂ ಕಿಟಕಿಯ ಸರಳು ಕೊಯ್ದು ನುಗ್ಗಿದವನಿಗೂ ಬಾಗಿಲಿನ ಸ್ವಿಚ್ಚು ಏನೂ ಮಾಡದು. ಅವರಿಗಾಗಿ ಪಿ.ಐ.ಆರ್. ಎಂಬ ಸೆನ್ಸರು ಬೇಕು. ಮಾನವಶರೀರವು ಕಣ್ಣಿಗೆ ಕಾಣದ ಅವಗೆಂಪು ಕಿರಣಗಳನ್ನು ಸದಾ ಹೊರಸೂಸುತ್ತದೆ. ಆ ಉಷ್ಣದ ಚಲನೆಯನ್ನು ಈ ಸೆನ್ಸರು ಗುರುತಿಸುತ್ತದೆ. ಸಾಮಾನ್ಯವಾಗಿ ಇದರ ದೃಷ್ಟಿ ೧೦ರಿಂದ ೧೨ ಮೀಟರುಗಳವರೆಗೆ ಹರಡುತ್ತದೆ. ನೆಲದಿಂದ ಸುಮಾರು ೨.೨ ಮೀಟರು ಎತ್ತರದ ಮೂಲೆ ಇದಕ್ಕೆ ತಕ್ಕ ಸ್ಥಳ. ನೇರವಾಗಿ ಎದುರು ಬರುವವನಿಗಿಂತ ಅಡ್ಡಲಾಗಿ ಹಾದುಹೋಗುವವನನ್ನು ಇದು ಬೇಗ ಕಾಣುತ್ತದೆ. ಹೀಗಾಗಿ ಬಂಗಾರವಿಟ್ಟ ಕಪಾಟಿಗೆ ಹೋಗಲು ಯಾರೇ ಆದರೂ ಅಡ್ಡ ದಾಟಲೇಬೇಕಾದ ನಡುಮನೆಯನ್ನು ನೋಡುವಂತೆ ಒಂದನ್ನಿಟ್ಟರೆ, ಪ್ರತಿ ಕೋಣೆಗೂ ಒಂದೊಂದು ಬೇಕಾಗದು.

ಇದರ ಮಿತಿಗಳನ್ನೂ ಅರಿಯಬೇಕು. ಬಿಸಿಲು ಬೀಳುವ ಕಿಟಕಿ, ಒಲೆ, ಹಾರಾಡುವ ಪರದೆ ಇವುಗಳಿಗೆ ಎದುರಾಗಿ ಇಡಬಾರದು. ಬೆಕ್ಕು ಓಡಾಡಿದರೂ, ಹಲ್ಲಿಯು ಅದರ ಮುಖದ ಮೇಲೆ ಹರಿದರೂ ಸುಳ್ಳು ಕೂಗು ಏಳಬಹುದು. ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ಮುಚ್ಚಿದ ಕೋಣೆಯ ಗೋಡೆಗಳು ಮೈಬಿಸಿಯಷ್ಟೇ ಕಾದಾಗ, ಮನುಷ್ಯನಿಗೂ ಗೋಡೆಗೂ ಉಷ್ಣಭೇದ ಅಳಿದು ಸೆನ್ಸರಿನ ದೃಷ್ಟಿ ಮಂದವಾಗುತ್ತದೆ. ತಾಪಮಾನಕ್ಕೆ ಹೊಂದಿಕೊಳ್ಳುವ ಬಗೆಯದನ್ನು ಕೇಳಿ ಕೊಳ್ಳಬೇಕು. ಇದೊಂದನ್ನೇ ನೆಚ್ಚಿ ಬಾಗಿಲಿನ ಸ್ವಿಚ್ಚುಗಳನ್ನು ಬಿಡಬಾರದು.

ತಂತಿಯ ಜೋಡಣೆ

ಪಿ.ಐ.ಆರ್. ಸೆನ್ಸರಿಗೆ ನಾಲ್ಕು ತಂತಿಗಳು ಬೇಕು: ೧೨ ವೋಲ್ಟ್ ವಿದ್ಯುತ್ತಿಗೆ ಎರಡು, ಸುದ್ದಿ ಒಯ್ಯುವುದಕ್ಕೆ ಎರಡು. ಬಹುಪಾಲು ಸೆನ್ಸರುಗಳಲ್ಲಿ ಶಾಂತಸ್ಥಿತಿಯಲ್ಲಿ ಸಂಪರ್ಕವು ಕೂಡಿದ್ದು, ವಿದ್ಯುತ್ತು ಕಡಿದುಹೋದರೂ ತಾನಾಗಿ ತೆರೆದುಕೊಳ್ಳುತ್ತದೆ. ಹೊದಿಕೆಯನ್ನು ಬಿಚ್ಚಿದಾಗ ತೆರೆಯುವ ಟ್ಯಾಂಪರ್ ಸ್ವಿಚ್ಚಿಗೆ ಇನ್ನೆರಡು ತಂತಿಗಳನ್ನು ಎಳೆದರೆ, ಹಗಲಿನಲ್ಲಿ ಯಾರಾದರೂ ಕೈಯಾಡಿಸಿದರೂ ತಿಳಿಯುತ್ತದೆ.

ಮುಚ್ಚಿದ ಮಂಡಲಕ್ಕೂ ಒಂದು ಉಪಾಯವುಂಟು. ಬಲ್ಲ ಕಳ್ಳನು ತಂತಿಯನ್ನು ಕತ್ತರಿಸದೆ, ಸಿಪ್ಪೆ ಸುಲಿದು ಎರಡೆಳೆಗಳನ್ನೂ ಒಂದಕ್ಕೊಂದು ಕೂಡಿಸಿಬಿಟ್ಟರೆ, ಆಮೇಲೆ ಬಾಗಿಲು ತೆರೆದರೂ ಪೆಟ್ಟಿಗೆಗೆ ತಿಳಿಯದು. ಇದಕ್ಕೆ ಪರಿಹಾರ ಸರಪಳಿಯ ಕೊನೆಯ ರೆಸಿಸ್ಟರು. ಪೆಟ್ಟಿಗೆಯ ಕೈಪಿಡಿಯು ೨.೨ ಕಿಲೋ ಓಮ್ ಎಂದಿದ್ದರೆ ಅಷ್ಟನ್ನೇ ಹಾಕಬೇಕು. ಪೆಟ್ಟಿಗೆಯು ಆ ಅಳತೆಯನ್ನು ಸದಾ ಪರೀಕ್ಷಿಸುತ್ತದೆ. ತಂತಿ ತುಂಡಾದರೆ ಅಳತೆ ಮಿತಿಮೀರುತ್ತದೆ, ಕೂಡಿಕೊಂಡರೆ ಸೊನ್ನೆಗಿಳಿಯುತ್ತದೆ. ಎರಡೂ ದೋಷವೆಂದೇ ಲೆಕ್ಕ. ಆದರೆ ಸುಲಭವೆಂದು ರೆಸಿಸ್ಟರನ್ನು ಪೆಟ್ಟಿಗೆಯೊಳಗೇ ಕೂಡಿಸಿದರೆ ಅದರ ಪ್ರಯೋಜನವೇ ಹೋಗುತ್ತದೆ. ಅದು ಕಟ್ಟಕಡೆಯ ಸೆನ್ಸರಿನ ಹೊದಿಕೆಯೊಳಗೇ ಇರಬೇಕು.

ಈ ತಂತಿಗಳನ್ನು ೨೩೦ ವೋಲ್ಟಿನ ತಂತಿಗಳೊಡನೆ ಒಂದೇ ಕೊಳವೆಯಲ್ಲಿ ಎಳೆಯಲೇಬಾರದು. ಸೆನ್ಸರುಗಳಿಗೆ ೦.೨೨ ಚದರ ಮಿಲಿಮೀಟರಿನ ತಂತಿ ಸಾಕು, ಸೈರನ್ನಿಗೆ ಸಾಲದು. ಅದರ ರೋಧ ಮೀಟರಿಗೆ ಸುಮಾರು ೦.೦೮ ಓಮ್. ೨೦ ಮೀಟರು ದೂರದ ಸೈರನ್ನು ಅರ್ಧ ಆಂಪಿಯರ್ ಎಳೆದರೆ, ಹೋಗಿಬರುವ ದಾರಿಯಲ್ಲಿಯೇ ೧.೬ ವೋಲ್ಟ್ ಕರಗುತ್ತದೆ. ದಪ್ಪ ತಂತಿಯನ್ನೇ ಬಳಸಬೇಕು.

ಕರೆಂಟು ಹೋದಾಗಲೂ ಕಾವಲು ನಿಲ್ಲದಂತೆ ೧೨ ವೋಲ್ಟ್, ೭ ಆಂಪಿಯರ್ ಗಂಟೆಯ ಮುಚ್ಚಿದ ಬ್ಯಾಟರಿ ಇರಬೇಕು. ಪೆಟ್ಟಿಗೆಗೆ ೬೦, ಎರಡು ಸೆನ್ಸರುಗಳಿಗೆ ೩೦, ಒಟ್ಟು ೯೦ ಮಿಲಿ ಆಂಪಿಯರ್ ಖರ್ಚೆಂದು ಹಿಡಿದರೆ ಕಾಗದದ ಮೇಲೆ ೭೭ ಗಂಟೆಗಳು ಬರುತ್ತವೆ. ಹಳತಾಗುವ ಬ್ಯಾಟರಿಯಿಂದ ಅದರ ಅರ್ಧವನ್ನು ನಿರೀಕ್ಷಿಸುವುದು ವಿವೇಕ. ಬ್ಯಾಟರಿಯ ಬಾಯಲ್ಲೇ ಫ್ಯೂಸ್ ಇರಲಿ. ೨೩೦ ವೋಲ್ಟಿನ ಭಾಗವನ್ನು ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನರಿಗೇ ಬಿಡಿರಿ. ಕಿಟಕಿಯ ಸರಳಿಗೋ ಬೇಲಿಗೋ ಮನೆಯ ವಿದ್ಯುತ್ತನ್ನು ಹರಿಸುವ ದುಸ್ಸಾಹಸ ಮಾತ್ರ ಎಂದಿಗೂ ಬೇಡ. ಅದು ಚೆಂಡು ಹುಡುಕುತ್ತ ಬಂದ ನೆರೆಮನೆಯ ಮಗುವನ್ನೂ ಬಲಿ ತೆಗೆದುಕೊಳ್ಳುತ್ತದೆ. ಒಡವೆಯ ರಕ್ಷಣೆಗಾಗಿ ಜೀವಹಾನಿ ಸಲ್ಲದು.

ನೆರೆಯವರ ನಂಬಿಕೆ

ಸೈರನ್ನಿನ ಬಲವು ಅದರ ಸದ್ದಿನಲ್ಲಿಲ್ಲ, ಕೇಳಿದವರು ಎದ್ದು ಬರುವುದರಲ್ಲಿದೆ. ವಾರಕ್ಕೆರಡು ಬಾರಿ ಸುಳ್ಳು ಕೂಗುವ ಗಂಟೆಗೆ ಮೂರನೆಯ ವಾರದಲ್ಲಿ ಯಾರೂ ಕಿವಿಗೊಡರು. ಆದುದರಿಂದ ಜೋಡಣೆ ಮುಗಿದ ಮೇಲೆ ಒಂದು ವಾರ ಸೈರನ್ನನ್ನು ಕಳಚಿ, ಪೆಟ್ಟಿಗೆಯ ದೀಪವನ್ನಷ್ಟೇ ಗಮನಿಸಿ, ಸುಳ್ಳು ಕೂಗಿನ ಮೂಲವನ್ನು ತಿದ್ದಿಕೊಳ್ಳಬೇಕು. ಅನಂತರ ಅಕ್ಕಪಕ್ಕದವರಿಗೆ ಸದ್ದನ್ನೊಮ್ಮೆ ಕೇಳಿಸಿ, ಅದು ಕೇಳಿಬಂದರೆ ಒಬ್ಬರೇ ಒಳನುಗ್ಗದೆ ೧೧೨ಕ್ಕೆ ಕರೆ ಮಾಡುವಂತೆ ವಿನಂತಿಸಬೇಕು.

ತಿಂಗಳಿಗೊಮ್ಮೆ, ಅಮಾವಾಸ್ಯೆಯೋ ಹುಣ್ಣಿಮೆಯೋ ನೆನಪಿಗೆ ಸುಲಭವಾದ ಒಂದು ದಿನ, ಪ್ರತಿಯೊಂದು ಬಾಗಿಲನ್ನೂ ತೆರೆದು ನೋಡಿರಿ. ನಡುಮನೆಯಲ್ಲಿ ಅಡ್ಡಾಡಿ ನೋಡಿರಿ. ಮೇನ್ ಸ್ವಿಚ್ಚನ್ನು ಆರಿಸಿ ಬ್ಯಾಟರಿಯ ಮೇಲೆ ಸೈರನ್ನು ಕೂಗುವುದೇ ಎಂದು ಪರೀಕ್ಷಿಸಿರಿ. ಮನೆಯ ಮಕ್ಕಳಿಗೇ ಈ ಕೆಲಸವನ್ನು ಒಪ್ಪಿಸಿದರೆ ಅವರಿಗೆ ವಿದ್ಯೆಯೂ ಆಯಿತು, ಮನೆಗೆ ರಕ್ಷಣೆಯೂ ಆಯಿತು. ಹೀಗೆ ಪರೀಕ್ಷೆಗೊಳಗಾದ ಗಂಟೆಯ ಮೌನವನ್ನು ಮಾತ್ರ ನಾವು ನೆಮ್ಮದಿಯೆಂದು ನಂಬಬಹುದು.