ಚೀಟಿ ಮುದ್ರಿಸಲು ದುಡ್ಡಿದೆ, ಎಣಿಸಲು ಹೊತ್ತಿಲ್ಲ

ಗುಂಡಿ ಒತ್ತುವ ಬ್ಯಾಲೆಟ್ ಯೂನಿಟ್‌ಗೆ 7,900 ರೂಪಾಯಿ. ಮತಗಟ್ಟೆ ಅಧಿಕಾರಿಯ ಮೇಜಿನ ಮೇಲಿರುವ ಕಂಟ್ರೋಲ್ ಯೂನಿಟ್‌ಗೆ 9,800. ಒತ್ತಿದ ಗುರುತನ್ನು ಕಾಗದದ ಮೇಲೆ ಅಚ್ಚು ಮಾಡಿ ತೋರಿಸುವ ವಿವಿಪ್ಯಾಟ್‌ಗೆ 16,000. ಏಕಕಾಲದ ಚುನಾವಣೆಯ ಖರ್ಚಿನ ಬಗ್ಗೆ ಕಾನೂನು ಸಚಿವಾಲಯಕ್ಕೆ ಬರೆದ ಪತ್ರದಲ್ಲಿ ಚುನಾವಣಾ ಆಯೋಗ ಕೊಟ್ಟ ಅಂದಾಜು ದರಗಳಿವು. ಮತ ಹಾಕಿಸಿಕೊಳ್ಳುವ ಯಂತ್ರಕ್ಕೆ ಒಟ್ಟು 17,700 ರೂಪಾಯಿಯಾದರೆ, ಅದು ಸರಿಯಾಗಿ ಹಾಕಿಸಿಕೊಂಡಿತು ಎಂದು ಸಾಕ್ಷಿ ಹೇಳುವ ಯಂತ್ರಕ್ಕೂ ಹೆಚ್ಚುಕಡಿಮೆ ಅಷ್ಟೇ ಬೆಲೆ.

ಮೊದಲ ದೊಡ್ಡ ಖರೀದಿಯಲ್ಲಿ ದರ ಇನ್ನೂ ಮೇಲಿತ್ತು. 2017ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ 16,15,000 ವಿವಿಪ್ಯಾಟ್‌ಗಳಿಗೆ 3,173.47 ಕೋಟಿ ರೂಪಾಯಿ ಮಂಜೂರು ಮಾಡಿತು. ಭಾಗಿಸಿದರೆ ಒಂದಕ್ಕೆ 19,650 ರೂಪಾಯಿ. ತಯಾರಿಕೆ ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ಪಾಲಿಗೆ ಬಂತು. ಮತಯಂತ್ರದ ಆಯುಷ್ಯ 15 ವರ್ಷ ಎನ್ನುತ್ತದೆ ಆಯೋಗ. ವಿವಿಪ್ಯಾಟ್ ಕೂಡ ಅಷ್ಟೇ ಬಾಳುತ್ತದೆ, ಅಷ್ಟರಲ್ಲಿ ಮೂರು ಲೋಕಸಭೆ, ಮೂರು ವಿಧಾನಸಭೆ ಚುನಾವಣೆ ಕಾಣುತ್ತದೆ ಎಂದುಕೊಳ್ಳೋಣ. 2024ರ ಲೋಕಸಭಾ ಚುನಾವಣೆಯಲ್ಲಿ ಸುಮಾರು 10.5 ಲಕ್ಷ ಮತಗಟ್ಟೆಗಳಲ್ಲಿ 64 ಕೋಟಿಗೂ ಹೆಚ್ಚು ಜನ ಮತ ಹಾಕಿದರು, ಅಂದರೆ ಮತಗಟ್ಟೆಗೆ ಸರಾಸರಿ 600 ಮತ. ಆರು ಚುನಾವಣೆಗೆ 3,600 ಚೀಟಿ. ಕಾಗದದ ಸುರುಳಿ, ಬ್ಯಾಟರಿ, ಸಾಗಣೆ ಎಲ್ಲ ಬಿಟ್ಟರೂ ಒಂದು ಚೀಟಿಯ ತಲೆಗೆ ಯಂತ್ರದ ಖರ್ಚೇ ಐದೂವರೆ ರೂಪಾಯಿ ಬೀಳುತ್ತದೆ. ಆ ಚೀಟಿ ಗಾಜಿನ ಹಿಂದೆ 7 ಸೆಕೆಂಡು ಕಂಡು ಡಬ್ಬಿಗೆ ಬೀಳುತ್ತದೆ.

ಇಷ್ಟಕ್ಕೆ ದುಬಾರಿ ಎನ್ನುವವನು ನಾನಲ್ಲ. 2004ರಲ್ಲಿ ದೇಶದ 543 ಲೋಕಸಭಾ ಕ್ಷೇತ್ರಗಳಲ್ಲೂ ಮತಯಂತ್ರವೇ ಇತ್ತು, ಕಾಗದ ಇರಲಿಲ್ಲ. ಅದೇ ವರ್ಷದ ವಿಧಾನಸಭಾ ಚುನಾವಣೆಯಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತ ಬಂದವು. ಒಂದೇ ಒಂದು ಮತದ ಅಂತರ. ಮರು ಎಣಿಕೆ ಎಂದರೆ ಆಗ ಯಂತ್ರದ ಅದೇ ಗುಂಡಿಯನ್ನು ಮತ್ತೊಮ್ಮೆ ಒತ್ತಿ ಅದೇ ಅಂಕಿಯನ್ನು ಮತ್ತೊಮ್ಮೆ ಓದುವುದು, ಅಷ್ಟೇ. ಚೀಟಿ ಬಂದದ್ದು 2013ರಲ್ಲಿ, ನಾಗಾಲ್ಯಾಂಡಿನ ನೋಕ್‌ಸೇನ್ ಉಪಚುನಾವಣೆಯಲ್ಲಿ. 2014ರ ಲೋಕಸಭೆಗೆ ಅದನ್ನು ಬಳಸಿದ ಎಂಟೇ ಕ್ಷೇತ್ರಗಳಲ್ಲಿ ಬೆಂಗಳೂರು ದಕ್ಷಿಣವೂ ಒಂದು. 2019ರ ಹೊತ್ತಿಗೆ ದೇಶದ ಎಲ್ಲ ಮತಗಟ್ಟೆಗೂ ತಲುಪಿತು.

ಅಭ್ಯರ್ಥಿಗಳ ಸಂಖ್ಯೆಯೂ ಯಂತ್ರದ ಲೆಕ್ಕವನ್ನು ಏರಿಸುತ್ತದೆ. ಒಂದು ಬ್ಯಾಲೆಟ್ ಯೂನಿಟ್‌ನಲ್ಲಿ ನೋಟಾ ಸೇರಿ 16 ಹೆಸರು. ಈಗಿನ ಮಾದರಿಗೆ ಅಂಥ 24 ಪೆಟ್ಟಿಗೆ ಜೋಡಿಸಬಹುದು, ಮಿತಿ 384. ನಿಜಾಮಾಬಾದಿನಲ್ಲಿ 2019ರಲ್ಲಿ ರೈತರು ಸಾಲುಸಾಲಾಗಿ ನಾಮಪತ್ರ ಹಾಕಿ ಕಣದಲ್ಲಿ 185 ಮಂದಿ ಉಳಿದಾಗ ಮತಗಟ್ಟೆಗೆ 12 ಯೂನಿಟ್ ಇಡಬೇಕಾಯಿತು. ಆಯೋಗದ ಆ ಅಂದಾಜು ದರದಲ್ಲಿ ಬರೀ ಅವುಗಳಿಗೇ 94,800 ರೂಪಾಯಿ. ನಮ್ಮ ಬೆಳಗಾವಿ ಇದನ್ನೂ ಮೀರಿಸಿತ್ತು. 1996ರಲ್ಲಿ ಅಲ್ಲಿ 456 ಅಭ್ಯರ್ಥಿಗಳು. ನೋಟಾ ಸೇರಿಸಿದರೆ 29 ಯೂನಿಟ್ ಬೇಕು, ಇಂದಿನ ಯಂತ್ರಕ್ಕೂ ಅದು ಆಗದ ಕೆಲಸ. ಆ ಚುನಾವಣೆಯ ನಂತರ ಲೋಕಸಭೆಯ ಠೇವಣಿ 500 ರೂಪಾಯಿಯಿಂದ 10,000ಕ್ಕೆ ಏರಿದ್ದು ಸುಮ್ಮನೆ ಅಲ್ಲ.

ಇನ್ನು ಎಣಿಕೆ. ಯಂತ್ರದ ಅಂಕಿಗೂ ಚೀಟಿಯ ಅಂಕಿಗೂ ತಾಳೆ ಬೀಳದಿದ್ದರೆ ಚುನಾವಣಾ ನಿಯಮದ ಪ್ರಕಾರ ಚೀಟಿಯ ಎಣಿಕೆಯೇ ಅಂತಿಮ. ಆದರೆ ಎಣಿಸುವುದು ವಿಧಾನಸಭಾ ಕ್ಷೇತ್ರಕ್ಕೆ ಐದೇ ಮತಗಟ್ಟೆಗಳದ್ದು, ಲಾಟರಿ ಎತ್ತಿ ಆರಿಸಿದವು. 2019ರ ಏಪ್ರಿಲ್‌ವರೆಗೆ ಅದೂ ಒಂದೇ ಇತ್ತು. ಅರ್ಧದಷ್ಟು ಎಣಿಸಿ ಎಂದು 21 ವಿರೋಧ ಪಕ್ಷಗಳ ನಾಯಕರು ಕೇಳಿದಾಗ ಸುಪ್ರೀಂ ಕೋರ್ಟ್ ಐದಕ್ಕೆ ಏರಿಸಿತು. ಕರ್ನಾಟಕದ 224 ಕ್ಷೇತ್ರಕ್ಕೆ ಐದರಂತೆ 1,120. 2023ರಲ್ಲಿ ರಾಜ್ಯದಲ್ಲಿದ್ದ ಮತಗಟ್ಟೆಗಳು 58 ಸಾವಿರಕ್ಕೂ ಹೆಚ್ಚು. ನೂರಕ್ಕೆ ಎರಡೂ ಪೂರ್ತಿ ಆಗುವುದಿಲ್ಲ.

ಅರ್ಧ ಎಣಿಸಿದರೆ ಫಲಿತಾಂಶ 5.2 ದಿನ ತಡವಾಗುತ್ತದೆ ಎಂದು ಆಯೋಗ ಆಗ ಕೋರ್ಟಿಗೆ ಹೇಳಿತ್ತು. ಈ 5.2 ಎಲ್ಲಿಂದ ಬಂತೋ ನೋಡಿ. ಒಂದು ಯಂತ್ರದ ಚೀಟಿ ಎಣಿಸಲು ಒಂದು ಗಂಟೆ. ಕ್ಷೇತ್ರಕ್ಕೆ 250 ಮತಗಟ್ಟೆ ಎಂದರೆ ಅರ್ಧ 125 ಗಂಟೆ, ಅದನ್ನು 24ರಿಂದ ಭಾಗಿಸಿದರೆ 5.2. ಒಂದೇ ಮೇಜು, ಒಂದರ ನಂತರ ಒಂದು ಎಂದುಕೊಂಡರೆ ಮಾತ್ರ ಬರುವ ಅಂಕಿ ಇದು. ಎಣಿಕೆ ಕೇಂದ್ರದಲ್ಲಿ ಸಾಮಾನ್ಯವಾಗಿ ಕ್ಷೇತ್ರಕ್ಕೆ 14 ಟೇಬಲ್ ಹಾಕುತ್ತಾರೆ. ಅವೆಲ್ಲವನ್ನೂ ಚೀಟಿಗೆ ಬಿಟ್ಟುಕೊಟ್ಟರೆ ಅರ್ಧ ಒಂಬತ್ತು ಗಂಟೆಯಲ್ಲಿ ಮುಗಿಯುತ್ತದೆ, ಪೂರ್ತಿ ಹದಿನೆಂಟು ಗಂಟೆಯಲ್ಲಿ. ಸಿಬ್ಬಂದಿ, ಏಜೆಂಟರು, ಪೊಲೀಸರು ಎಲ್ಲ ಇನ್ನೊಂದು ದಿನ ಉಳಿಯಬೇಕು, ನಿಜ. ಟಿ.ವಿ. ಚಾನೆಲ್‌ಗಳು ಮಧ್ಯಾಹ್ನದೊಳಗೆ ಸರ್ಕಾರ ರಚಿಸಲಾರವು, ಅದೂ ನಿಜ.

ಐದು ಸಾಕು ಎನ್ನುವುದಕ್ಕೆ ಆಧಾರ ಭಾರತೀಯ ಸಾಂಖ್ಯಿಕ ಸಂಸ್ಥೆಯಿಂದ ಬಂದ ವರದಿ: ಇಡೀ ದೇಶಕ್ಕೆ 479 ಯಂತ್ರ ನೋಡಿದರೂ ಶೇ 99ಕ್ಕೂ ಮೀರಿದ ಖಾತರಿ ಸಿಗುತ್ತದೆ. ದೇಶವನ್ನೆಲ್ಲ ಒಂದೇ ಪಾತ್ರೆ ಎಂದುಕೊಂಡರೆ ಒಂದು ಅಗುಳು ಹಿಚುಕಿ ನೋಡಿದರೆ ಸಾಕು. ಚುನಾವಣೆ ಹಾಗಲ್ಲ, ಪ್ರತಿ ಕ್ಷೇತ್ರದ ಒಲೆಯೂ ಬೇರೆ. 250 ಮತಗಟ್ಟೆಗಳ ಒಂದು ಕ್ಷೇತ್ರದಲ್ಲಿ ಅರ್ಧದಷ್ಟು ಯಂತ್ರ ಕೆಟ್ಟಿದ್ದರೆ, ಐದರಲ್ಲಿ ಒಂದಾದರೂ ಸಿಕ್ಕಿಬೀಳುವ ಸಾಧ್ಯತೆ ಶೇ 97. ಕೆಟ್ಟದ್ದು 25 ಆದರೆ ಶೇ 41. ಐದೇ ಆದರೆ ಶೇ 10ಕ್ಕಿಂತ ಕಡಿಮೆ; ಹತ್ತರಲ್ಲಿ ಒಂಬತ್ತು ಸಲ ಗೊತ್ತೇ ಆಗುವುದಿಲ್ಲ. ಗೆಲುವಿನ ಅಂತರ 30 ಸಾವಿರವಿದ್ದರೆ ಐದು ಯಂತ್ರದ ದೋಷದಿಂದ ಏನೂ ಬದಲಾಗದು. 2023ರಲ್ಲಿ ಬೆಂಗಳೂರಿನ ಜಯನಗರ ತೀರ್ಮಾನವಾದದ್ದು 16 ಮತಗಳಿಂದ. ಅಲ್ಲಿಗೂ ಐದು, 30 ಸಾವಿರದ ಅಂತರಕ್ಕೂ ಐದು. ನನ್ನ ತಕರಾರು ಇಷ್ಟೇ.

ಯಂತ್ರಗಳಲ್ಲಿ ಮೋಸ ನಡೆದಿದೆ ಎಂದು ಇದರ ಅರ್ಥವಲ್ಲ. 4 ಕೋಟಿಗೂ ಹೆಚ್ಚು ಚೀಟಿ ತಾಳೆ ನೋಡಲಾಗಿದೆ, ವ್ಯತ್ಯಾಸ ಕಂಡದ್ದು ಆಂಧ್ರದ ಮೈದುಕೂರಿನ ಒಂದು ಮತಗಟ್ಟೆಯಲ್ಲಿ, ಅದೂ ಅಣಕು ಮತದಾನದ ಲೆಕ್ಕ ಅಳಿಸದೆ ಉಳಿದದ್ದರಿಂದ ಎಂಬುದು ಸುಪ್ರೀಂ ಕೋರ್ಟಿನ 2024ರ ತೀರ್ಪಿನಲ್ಲೇ ದಾಖಲಾಗಿದೆ. ಅಮೆರಿಕದ ಜಾರ್ಜಿಯಾದಲ್ಲೂ 2020ರಲ್ಲಿ ಸೋತವರು ಹೇಳಿದ್ದು ರುಜುವಾತಾಗಲಿಲ್ಲ. ಆದರೆ ಅಲ್ಲಿ ಅಧ್ಯಕ್ಷ ಸ್ಥಾನದ ಅಂತರ 12 ಸಾವಿರದ ಆಸುಪಾಸಿಗೆ ಇಳಿದಿದ್ದರಿಂದ ಸುಮಾರು 50 ಲಕ್ಷ ಕಾಗದದ ಮತಗಳನ್ನು ಒಂದು ವಾರದೊಳಗೆ ಕೈಯಿಂದಲೇ ಎಣಿಸಿದರು. ಕೊಲರಾಡೊ 2017ರಿಂದ ರಾಜ್ಯವಿಡೀ ಇದೇ ತತ್ವದಲ್ಲಿ ಪರಿಶೀಲಿಸುತ್ತಿದೆ: ಅಂತರ ಕಿರಿದಾದಷ್ಟೂ ತೆಗೆದು ನೋಡುವ ಚೀಟಿ ಹೆಚ್ಚು.

ನಮ್ಮಲ್ಲಿ 2024ರ ಏಪ್ರಿಲ್ 26ರಂದು ಸುಪ್ರೀಂ ಕೋರ್ಟ್ ಪೂರ್ಣ ಎಣಿಕೆಯ ಬೇಡಿಕೆ ತಳ್ಳಿಹಾಕಿ ಬೇರೊಂದು ಬಾಗಿಲು ತೆರೆಯಿತು. ಎರಡನೇ, ಮೂರನೇ ಸ್ಥಾನದವರು ಫಲಿತಾಂಶದ ಏಳು ದಿನದೊಳಗೆ ಅರ್ಜಿ ಹಾಕಿ ವಿಧಾನಸಭಾ ಕ್ಷೇತ್ರವೊಂದರ ಶೇ 5ರಷ್ಟು ಯಂತ್ರಗಳ ಮೆಮೊರಿ ಪರೀಕ್ಷೆ ಮಾಡಿಸಬಹುದು, ಖರ್ಚು ಅವರದೇ, ದೋಷ ಸಿಕ್ಕರೆ ವಾಪಸ್. ಪರೀಕ್ಷೆ ಯಂತ್ರದ್ದು, ಮತದಾರ ಕಣ್ಣಾರೆ ಕಂಡ ಚೀಟಿಯದ್ದಲ್ಲ. ಆ ವರ್ಷದ ಜೂನ್‌ನಲ್ಲಿ ಆಯೋಗ ಗೊತ್ತು ಮಾಡಿದ ದರ ಒಂದು ಸೆಟ್‌ಗೆ 40,000 ಮತ್ತು ಶೇ 18 ಜಿಎಸ್‌ಟಿ, ಒಟ್ಟು 47,200. ಮೂರೂ ಯಂತ್ರ ಸೇರಿದ ಹೊಸ ಸೆಟ್ಟೇ 33,700ಕ್ಕೆ ಸಿಗುವಾಗ! ಎಂಟು ವಿಧಾನಸಭಾ ಕ್ಷೇತ್ರಗಳ ಒಂದು ಲೋಕಸಭಾ ಕ್ಷೇತ್ರದಲ್ಲಿ, 250 ಮತಗಟ್ಟೆಗಳ ಶೇ 5 ಎಂದು ಒಂದೊಂದಕ್ಕೆ 13ರಂತೆ, 104 ಯಂತ್ರಕ್ಕೆ 49,08,800 ರೂಪಾಯಿ; ಲೋಕಸಭಾ ಅಭ್ಯರ್ಥಿ ಇಡೀ ಚುನಾವಣೆಗೆ ಖರ್ಚು ಮಾಡಬಹುದಾದ ಮಿತಿ 95 ಲಕ್ಷ. ದರ ಹೆಚ್ಚಾಯಿತು, ಇಳಿಸಿ ಎಂದು ಕೋರ್ಟೇ 2025ರ ಫೆಬ್ರವರಿಯಲ್ಲಿ ಆಯೋಗಕ್ಕೆ ಹೇಳಬೇಕಾಯಿತು. ಜಯನಗರದಂಥ ಕ್ಷೇತ್ರದಲ್ಲಿ ಚೀಟಿಗಳನ್ನೆಲ್ಲ ಎಣಿಸಲು ಬೇಕಾದದ್ದು 14 ಟೇಬಲ್ ಮತ್ತು ಹದಿನೆಂಟು ಗಂಟೆ. ಚೀಟಿಯ ದುಡ್ಡನ್ನಂತೂ 2017ರಲ್ಲೇ ಕೊಟ್ಟಾಗಿದೆ.